ರುಚಿಯಿಲ್ಲದ ನೀರು, ಉಸಿರಿಲ್ಲದ ಕೆರೆ

"ನೀರಿನ ಗುಣಗಳು ಯಾವುವು?" ಎಂದು ಮೇಷ್ಟ್ರು ಕೇಳಿದರು. ಒಂಬತ್ತನೆಯ ತರಗತಿ ಒಕ್ಕೊರಲಿನಿಂದ ಹೇಳಿತು: "ನೀರಿಗೆ ಬಣ್ಣವಿಲ್ಲ, ವಾಸನೆಯಿಲ್ಲ, ರುಚಿಯಿಲ್ಲ!" ನಾಲ್ಕನೆಯ ತರಗತಿಯಿಂದ ಬಾಯಿಪಾಠ ಮಾಡಿದ್ದು, ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳುತ್ತಾರೆ. ಎರಡನೆಯ ಬೆಂಚಿನ ಹುಡುಗಿಯೊಬ್ಬಳು ಮಾತ್ರ ಬಾಯಿ ಬಿಡಲಿಲ್ಲ.

"ಯಾಕಮ್ಮ, ನಿನಗೆ ಗೊತ್ತಿಲ್ಲವಾ?"

"ಗೊತ್ತು ಸಾರ್. ಆದರೆ ನಮ್ಮೂರ ಬೋರ್ ನೀರು ಉಪ್ಪುಪ್ಪಾಗಿರುತ್ತೆ. ಅದರಲ್ಲಿ ಬೇಳೆ ಬೇಯಲ್ಲ, ಸೋಪು ನೊರೆ ಬರಲ್ಲ."

ತರಗತಿ ಗೊಳ್ಳೆಂದು ನಕ್ಕಿತು. ಮೇಷ್ಟ್ರು ನಗಲಿಲ್ಲ. ಮಲೆನಾಡಿನ ಕಡೆಯಿಂದ ವರ್ಗವಾಗಿ ಪಾವಗಡ ಸೀಮೆಯ ಆ ಹಳ್ಳಿಗೆ ಬಂದು ಅವರಿಗೆ ಇನ್ನೂ ಒಂದು ವರ್ಷ ತುಂಬಿರಲಿಲ್ಲ. ಮೊದಲ ದಿನ ಅಲ್ಲಿನ ನೀರು ಕುಡಿದು ಮುಖ ಕಿವುಚಿದ್ದು ಅವರಿಗೂ ನೆನಪಿತ್ತು. ಅವರು ಬೋರ್ಡಿನ ಮೇಲೆ ಬರೆದ ವಾಕ್ಯದ ಮುಂದೆ ಒಂದು ಪದ ಸೇರಿಸಿದರು: 'ಶುದ್ಧ'.

"ಶುದ್ಧ ನೀರಿಗೆ ರುಚಿಯಿಲ್ಲ. ನಮಗೆ ಸಿಗುವುದು ಶುದ್ಧ ನೀರಲ್ಲ. ನೀರು ತಾನು ಹಾದುಬಂದ ಕಲ್ಲು ಮಣ್ಣಿನಿಂದ ಒಂದಿಷ್ಟು ಕರಗಿಸಿಕೊಂಡೇ ಬರುತ್ತದೆ. ನಾಲಿಗೆಗೆ ಸಿಗುವುದು ಹಾಗೆ ಕರಗಿದ ಲವಣ. ಆದರೆ ಹುಷಾರು. ಹಲ್ಲನ್ನು ಹಳದಿ ಮಾಡಿ ಮೂಳೆ ಬಗ್ಗಿಸುವ ಫ್ಲೋರೈಡ್ ಲೀಟರಿಗೆ ಒಂದೂವರೆ ಮಿಲಿಗ್ರಾಂ ದಾಟಬಾರದು ಎನ್ನುತ್ತಾರಲ್ಲ, ಅಷ್ಟು ಸ್ವಲ್ಪದಲ್ಲಿ ಅದರ ರುಚಿ ನಾಲಿಗೆಗೆ ತಿಳಿಯುವುದೇ ಇಲ್ಲ. ನೀರಿನಲ್ಲಿ ಕಂಡದ್ದಕ್ಕಿಂತ ಕಾಣದ್ದೇ ಹೆಚ್ಚು."

ಆ ವಾರದಿಂದ ಶನಿವಾರದ ವಿಜ್ಞಾನದ ಪಾಠ ಊರ ಮುಂದಿನ ಕೆರೆಯ ಏರಿಗೆ ಹೋಯಿತು.

ಅದು ಬಯಲುಸೀಮೆಯ ಕೆರೆ. ನಾಲ್ಕಾರು ವರ್ಷಕ್ಕೊಮ್ಮೆ ತುಂಬಿದರೆ ಪುಣ್ಯ. ಹಿಂದಿನ ವರ್ಷದ ಮಳೆಗೆ ಕೋಡಿ ಬಿದ್ದಿತ್ತು. ಕೆರೆಯ ಮೀನನ್ನು ಹರಾಜಿನಲ್ಲಿ ಹಿಡಿದಿದ್ದವನು ಆ ಹುಡುಗಿಯ ಅಪ್ಪ. ಹೆಂಡತಿಯ ಸಂಘದಿಂದ ಸಾಲ ತೆಗೆದು ಕಾಟ್ಲಾ, ರೋಹು ಮರಿಗಳನ್ನು ಬಿಟ್ಟಿದ್ದ. ಅದಕ್ಕೆ ಹಿಂದಿನ ಸಲ ಹರಾಜು ಹಿಡಿದಿದ್ದವನು ಅವನ ದಾಯಾದಿ, ಹುಡುಗಿಗೆ ಚಿಕ್ಕಪ್ಪನಾಗಬೇಕು. ಈ ಸಲ ಹರಾಜು ಕೈತಪ್ಪಿದ್ದರಿಂದ ಎರಡು ಮನೆಗಳ ನಡುವೆ ಮಾತು ನಿಂತಿತ್ತು. ಚಿಕ್ಕಪ್ಪನ ಮಗನೂ ಅದೇ ಒಂಬತ್ತನೆಯ ತರಗತಿ. ಮಕ್ಕಳಿಬ್ಬರೂ ಶಾಲೆಯಲ್ಲಿ ಮಾತಾಡುತ್ತಿದ್ದರು, ಊರೊಳಗೆ ಸುಮ್ಮನಿರುತ್ತಿದ್ದರು.

ಮೊದಲ ಶನಿವಾರ ನೀರಿನ ಮೇಲ್ಮೈ ಸೆಳೆತದ ಪಾಠ. ಲೋಟದ ನೀರಿನ ಮೇಲೆ ಕಾಗದದ ಚೂರಿಟ್ಟು, ಅದರ ಮೇಲೆ ಸೂಜಿ ಮಲಗಿಸಿದರು. ಕಾಗದ ನೆನೆದು ಮುಳುಗಿತು. ಸೂಜಿ ತೇಲುತ್ತಲೇ ಇತ್ತು. ಒಂದು ಹನಿ ಸೋಪಿನ ನೀರು ಬಿಟ್ಟದ್ದೇ ತಡ, ಸೂಜಿ ತಳ ಸೇರಿತು. ಕೆರೆಯಂಚಿನಲ್ಲಿ ಉದ್ದ ಕಾಲಿನ ಹುಳುಗಳು ನೀರಿನ ಮೇಲೆ ಜಾರುಗಾಲಿಯಂತೆ ಓಡಾಡುತ್ತಿದ್ದವು. ಅವುಗಳ ಕಾಲು ನೀರನ್ನು ಒತ್ತಿ ತಗ್ಗು ಮಾಡುತ್ತಿತ್ತೇ ಹೊರತು ಒಳಗಿಳಿಯುತ್ತಿರಲಿಲ್ಲ. "ನೀರಿಗೆ ಚರ್ಮ ಇದ್ದಂಗೈತೆ ಸಾರ್" ಎಂದ ಒಬ್ಬ. ಪುಸ್ತಕದ ವಿವರಣೆಗಿಂತ ಅದೇ ಸಲೀಸಾಗಿ ಅರ್ಥವಾಯಿತು.

ಮುಂದಿನ ಶನಿವಾರ ಉಷ್ಣದ ಪಾಠ. ಏರಿಯ ಕಲ್ಲು ಕಾಲು ಸುಡುತ್ತಿತ್ತು, ಪಕ್ಕದಲ್ಲೇ ಇದ್ದ ನೀರು ತಣ್ಣಗಿತ್ತು. ಬಿಸಿಲು ಎರಡಕ್ಕೂ ಒಂದೇ. ಆದರೆ ನೀರು ಕಲ್ಲಿನಷ್ಟು ಬೇಗ ಕಾಯುವುದಿಲ್ಲ, ಬೇಗ ಆರುವುದೂ ಇಲ್ಲ. ಬಾಟಲಿಗೆ ಕಲ್ಲು ಕಟ್ಟಿ, ಬಿರಡೆಗೆ ಬೇರೆ ದಾರ ಕಟ್ಟಿ, ತಳಕ್ಕಿಳಿಸಿ, ದಾರ ಎಳೆದರೆ ತಳದ ನೀರೇ ತುಂಬಿಕೊಂಡು ಬರುತ್ತದೆ. ಹರಿಗೋಲಿನಲ್ಲಿ ಕೂತು ಬಾಟಲಿ ಇಳಿಸಿಕೊಟ್ಟವನು ಹುಡುಗಿಯ ಅಪ್ಪ.

"ಏನ್ ಮೇಷ್ಟ್ರೇ, ತಳದ ನೀರು ತಣ್ಣಗಿರುತ್ತೆ ಅಂತ ನನ್ನ ಕೇಳಿದ್ರೆ ಹೇಳ್ತಿರಲಿಲ್ವಾ? ಇದಕ್ಕೆ ಬಾಟ್ಲಿ ಯಾಕೆ?"

"ಎಷ್ಟು ತಣ್ಣಗೆ ಅಂತ ನೋಡೋಣ ಯಜಮಾನ್ರೇ" ಎಂದರು ಮೇಷ್ಟ್ರು. ಮೇಲಿನ ನೀರು 30 ಡಿಗ್ರಿ, ತಳದ್ದು 26. ಬಿಸಿನೀರು ಹಗುರ, ತಣ್ಣೀರು ಭಾರ. ಬಿಸಿಲಿನ ದಿನಗಳಲ್ಲಿ ಕೆರೆಯೊಳಗೆ ಎರಡು ಪದರಗಳಾಗುತ್ತವೆ, ಒಂದರೊಳಗೊಂದು ಸುಲಭವಾಗಿ ಬೆರೆಯುವುದಿಲ್ಲ. ಆದರೆ ಈ ಲೆಕ್ಕ 4 ಡಿಗ್ರಿಯವರೆಗೆ ಮಾತ್ರ. ಅದಕ್ಕಿಂತ ತಣ್ಣಗಾದರೆ ನೀರು ಮತ್ತೆ ಹಗುರವಾಗುತ್ತದೆ. ಮಂಜುಗಡ್ಡೆಯಾಗುವಾಗ ಸುಮಾರು ನೂರಕ್ಕೆ ಒಂಬತ್ತರಷ್ಟು ಹಿಗ್ಗುತ್ತದೆ. ಕಾಶ್ಮೀರದ ದಾಲ್ ಸರೋವರದ ಮೇಲೆ ಹಿಮ ಗಟ್ಟಿಯಾದರೂ ಅಡಿಯಲ್ಲಿ ಮೀನು ಬದುಕಿರುವುದು ಅದರಿಂದಲೇ. ಉಳಿದ ಹೆಚ್ಚಿನ ವಸ್ತುಗಳಂತೆ ನೀರೂ ಹೆಪ್ಪುಗಟ್ಟಿ ಮುಳುಗುವಂತಿದ್ದರೆ ಚಳಿದೇಶದ ಕೆರೆಗಳು ತಳದಿಂದಲೇ ಗಡ್ಡೆಕಟ್ಟುತ್ತಿದ್ದವು.

ಮೂರನೆಯ ಪಾಠ ನೀರಿನಲ್ಲಿ ಕರಗಿದ ಗಾಳಿಯದು. ಒಂದು ಲೀಟರ್ ಗಾಳಿಯಲ್ಲಿ ಸುಮಾರು 280 ಮಿಲಿಗ್ರಾಂ ಆಮ್ಲಜನಕವಿದ್ದರೆ, 20 ಡಿಗ್ರಿಯ ಒಂದು ಲೀಟರ್ ನೀರಿನಲ್ಲಿ ಹಿಡಿಸುವುದು ಸುಮಾರು 9 ಮಿಲಿಗ್ರಾಂ. ನೀರು 30 ಡಿಗ್ರಿಗೆ ಕಾದರೆ ಅದೂ ಏಳೂವರೆಗೆ ಇಳಿಯುತ್ತದೆ. ಮೀನಿನ ಸಂಸಾರವೆಲ್ಲ ಈ ಕೈಬೆರಳೆಣಿಕೆಯ ಮಿಲಿಗ್ರಾಂಗಳಲ್ಲಿ ನಡೆಯಬೇಕು. ಲೀಟರಿಗೆ 5 ಇದ್ದರೆ ಕಾಟ್ಲಾ, ರೋಹುಗಳು ಸುಖವಾಗಿರುತ್ತವೆ. ಎರಡಕ್ಕಿಂತ ಕೆಳಗಿಳಿದರೆ ಏದುಸಿರು.

ಅದನ್ನು ತೋರಿಸುವ ಒಂದು ವಿಧಾನವನ್ನು ಹಂಗೆರಿಯ ಲಾಯೋಷ್ ವಿಂಕ್ಲರ್ 1888ರಲ್ಲೇ ಪ್ರಕಟಿಸಿದ್ದರು. ಮೇಷ್ಟ್ರು ಅದಕ್ಕೆ ಬೇಕಾದ ಎರಡು ದ್ರಾವಣಗಳನ್ನು ತಾಲ್ಲೂಕು ಕೇಂದ್ರದ ಕಾಲೇಜಿನಿಂದ ಕೇಳಿ ತಂದರು. ಒಂದು ಮ್ಯಾಂಗನೀಸ್ ಸಲ್ಫೇಟ್, ಇನ್ನೊಂದು ಕ್ಷಾರದಲ್ಲಿ ಬೆರೆಸಿದ ಅಯೋಡೈಡ್. ಕೈಗೆ ತಾಗಿದರೆ ಸುಡುವ ಪದಾರ್ಥವಾದ್ದರಿಂದ ತಾವೇ ಹನಿ ಹಾಕಿದರು. ನೀರಿನಲ್ಲಿ ಆಮ್ಲಜನಕವಿದ್ದರೆ ಕಂದು ಗಸಿ, ಇಲ್ಲದಿದ್ದರೆ ಬಿಳಿ. ಮಧ್ಯಾಹ್ನದ ಕೆರೆಯ ನೀರು ಗಾಢ ಕಂದುಬಣ್ಣಕ್ಕೆ ತಿರುಗಿತು. "ಹಗಲು ಪಾಚಿ ಬಿಸಿಲು ಕುಡಿದು ಆಮ್ಲಜನಕ ಬಿಡುತ್ತದೆ. ರಾತ್ರಿ ಅದೇ ಪಾಚಿ ಮೀನಿನ ಜೊತೆ ಕೂತು ಆಮ್ಲಜನಕ ಉಣ್ಣುತ್ತದೆ. ಕೆರೆಯ ಉಗ್ರಾಣ ಬರಿದಾಗುವುದು ಬೆಳಗಿನ ಜಾವಕ್ಕೆ" ಎಂದರು.

ಮಕ್ಕಳಿಗೆ ಖುಷಿ. ಕೆಲವು ತಂದೆತಾಯಿಗಳಿಗೆ ಮಾತ್ರ ಅಸಮಾಧಾನ. "ಮುಂದಿನ ವರ್ಷ ಎಸ್ಸೆಸ್ಸೆಲ್ಸಿ. ಕೆರೆ ಸುತ್ತಿದರೆ ಮಾರ್ಕು ಬರುತ್ತದೆಯೇ?" ಎಂದು ಇಬ್ಬರು ಮುಖ್ಯೋಪಾಧ್ಯಾಯರ ಬಳಿ ಹೋಗಿ ಕೇಳಿದರು. ಕೇಳುವುದು ತಪ್ಪಲ್ಲ. ಕೂಲಿನಾಲಿ ಮಾಡಿ ಓದಿಸುವವರಿಗೆ ಮಾರ್ಕಿನ ಚಿಂತೆ ಇದ್ದೇ ಇರುತ್ತದೆ. ಕೆರೆಯ ಪಾಠ ತಿಂಗಳಿಗೊಂದು ಶನಿವಾರಕ್ಕೆ ಇಳಿಯಿತು.

ಉತ್ತರೆ ಮಳೆಯ ದಿನಗಳು ಬಂದವು. ಮೂರು ದಿನ ಮೋಡ ಕವಿದು ಸೂರ್ಯನ ಮುಖವೇ ಕಾಣಲಿಲ್ಲ. ನಾಲ್ಕನೆಯ ದಿನ ಸಂಜೆ ತಣ್ಣನೆಯ ಗಾಳಿ, ಜೊತೆಗೆ ರಪರಪ ಮಳೆ. ಮರುದಿನ ಬೆಳಗಿನ ಜಾವ ಬಲೆ ನೋಡಲು ಹೋದ ಅಪ್ಪ ಏರಿಯ ಮೇಲಿಂದಲೇ ಕೂಗಿಕೊಂಡ. ಕೆರೆಯ ತುಂಬ ಬಿಳಿ ಹೊಟ್ಟೆ ಮೇಲಾಗಿ ಕಾಟ್ಲಾ ಮೀನುಗಳು ತೇಲುತ್ತಿದ್ದವು. ಎರಡು ಕಿಲೋ, ಮೂರು ಕಿಲೋ ತೂಗುವಂಥವು. ದೀಪಾವಳಿ ಕಳೆದ ಮೇಲೆ ಹಿಡಿದು ಮಾರಬೇಕೆಂದು ಇಟ್ಟಿದ್ದವು.

ಊರು ಸೇರಿತು. ಯಾರೋ ಒಬ್ಬರು, "ನಿನ್ನೆ ಸಂಜೆ ಅವನು ಔಷಧಿ ಡಬ್ಬ ಹಿಡಕೊಂಡು ಕೆರೆ ಪಕ್ಕ ಹೋಗ್ತಿದ್ದ" ಎಂದರು. ಅವನೆಂದರೆ ದಾಯಾದಿ. ಅವನ ಟೊಮೆಟೊ ತೋಟ ಇದ್ದದ್ದೇ ಕೆರೆಯ ಪಕ್ಕ. ಔಷಧಿ ಹೊಡೆಯಲು ಹೋಗಿದ್ದ. ಅದನ್ನು ಕೇಳುವ ತಾಳ್ಮೆ ಯಾರಿಗೂ ಇರಲಿಲ್ಲ. ಅಪ್ಪ ಎರಡು ಸತ್ತ ಮೀನನ್ನು ಗೋಣಿಚೀಲಕ್ಕೆ ಹಾಕಿಕೊಂಡು ಪೊಲೀಸ್ ಸ್ಟೇಷನ್ನಿಗೆ ಹೊರಟ. ದಾಯಾದಿಯ ಕಡೆಯವರೂ ಅತ್ತ ಗುಂಪುಗೂಡಿದರು. ಕೈಗಳಲ್ಲಿ ದೊಣ್ಣೆ ಕಾಣಿಸಿಕೊಳ್ಳಲು ಇನ್ನು ಹೆಚ್ಚು ಹೊತ್ತು ಬೇಕಿರಲಿಲ್ಲ.

ಹುಡುಗಿ ನೀರಿನಂಚಿಗೆ ಹೋಗಿ ಕೂತಿದ್ದಳು. ಅಳುತ್ತಿದ್ದಾಳೆಂದು ಎಲ್ಲರೂ ತಿಳಿದರು. ಅವಳು ನೋಡುತ್ತಿದ್ದಳು. ಸತ್ತದ್ದೆಲ್ಲ ದೊಡ್ಡ ಮೀನು. ಸಣ್ಣವು ಮಳೆನೀರು ಬಂದು ಬೀಳುವ ಕಾಲುವೆಯ ಬಾಯಲ್ಲಿ ಗುಂಪಾಗಿ, ಬಾಯಿ ಮೇಲೆತ್ತಿ ಗುಟುಕರಿಸುತ್ತಿದ್ದವು. ಜೊಂಡಿನ ನಡುವೆ ಹಾವಿನ ತಲೆಯಂಥ ತಲೆಯ ಕೊರಮೀನೊಂದು ಏನೂ ಆಗದವರಂತೆ ಮೇಲೆ ಬಂದು ಗಾಳಿ ಎಳೆದುಕೊಂಡು ಹೋಯಿತು. ಕಪ್ಪೆಗಳಿದ್ದವು. ಉದ್ದ ಕಾಲಿನ ಹುಳುಗಳು ಸತ್ತ ಮೀನಿನ ಸುತ್ತಲೇ ಓಡಾಡುತ್ತಿದ್ದವು.

ಅವಳು ಓಡಿ ಬಂದು ಅಪ್ಪನ ಚೀಲ ಹಿಡಿದಳು.

"ಅಪ್ಪಾ, ಹುಳ ಸಾಯ್ಸೋ ಔಷಧಿ ಹಾಕಿದ್ರೆ ಹುಳ ಮೊದಲು ಸಾಯಬೇಕಲ್ವಾ? ಹುಳ ಬದುಕೈತೆ, ಕಪ್ಪೆ ಬದುಕೈತೆ, ಕೊರಮೀನೂ ಬದುಕೈತೆ. ಬಂದು ನೋಡು."

"ಬಿಡೇ ಚೀಲ" ಎಂದು ಅಪ್ಪ ಗದರಿದ. ಅಷ್ಟರಲ್ಲಿ ಚಿಕ್ಕಪ್ಪನ ಮಗ ಮೇಷ್ಟ್ರನ್ನು ಕರೆದುಕೊಂಡು ಬಂದಿದ್ದ. ಯಾರೂ ಹೇಳದೆಯೇ ಆ ಎರಡು ಸೀಸೆಗಳನ್ನೂ ಶಾಲೆಯಿಂದ ತರಿಸಿದ್ದ. ಮೇಷ್ಟ್ರು ಎಲ್ಲರ ಎದುರಿಗೇ ಕೆರೆಯ ನೀರು ಬಾಟಲಿಗೆ ತುಂಬಿ ಹನಿ ಹಾಕಿದರು. ಮಕ್ಕಳು ಮಧ್ಯಾಹ್ನದ ಹೊತ್ತು ಕಂಡಿದ್ದ ಕಂದುಬಣ್ಣ ಬರಲಿಲ್ಲ. ಮೊಸರಿನಂಥ ಬಿಳಿ ಗಸಿ ತಳಕ್ಕಿಳಿಯಿತು. ಊರವರಿಗೆ ಅದೇನೆಂದು ತಿಳಿಯಲಿಲ್ಲ. ಒಂಬತ್ತನೆಯ ತರಗತಿಯವರು ಮಾತ್ರ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ಮೇಷ್ಟ್ರು ಬಿಡಿಸಿ ಹೇಳಿದರು. ಮೂರು ದಿನ ಬಿಸಿಲಿಲ್ಲದೆ ಪಾಚಿ ಆಮ್ಲಜನಕ ಮಾಡಿಲ್ಲ. ರಾತ್ರಿಯ ಖರ್ಚು ಮಾತ್ರ ನಡೆದಿದೆ. ಗಾಳಿ ಮಳೆಗೆ ಮೇಲಿನ ನೀರು ತಣ್ಣಗಾಗಿ ಭಾರವಾಗಿ ಕೆಳಗಿಳಿದಿದೆ, ತಳದ ಉಸಿರಿಲ್ಲದ ನೀರು ಮೇಲೆ ಬೆರೆತಿದೆ. ದೊಡ್ಡ ಮೀನಿಗೆ ಹೆಚ್ಚು ಆಮ್ಲಜನಕ ಬೇಕು, ಅದೇ ಮೊದಲು ಸಾಯುತ್ತದೆ. ಕೊರಮೀನು, ಚೇಳುಮೀನುಗಳು ಮೇಲೆ ಬಂದು ಗಾಳಿಯನ್ನೇ ಉಸಿರಾಡಬಲ್ಲವು, ಉಳಿಯುತ್ತವೆ.

"ಇಷ್ಟು ದಿನ ಇಲ್ಲದ್ದು ಈಗ್ಯಾಕೆ ಆಗಬೇಕು ಮೇಷ್ಟ್ರೇ?" ಎಂದ ಅಪ್ಪ. ದನಿಯಲ್ಲಿ ಇನ್ನೂ ಸಿಟ್ಟಿತ್ತು.

"ಈಚೆಗೆ ಕೆರೆಗೆ ಏನಾದರೂ ಹಾಕಿದಿರಾ?"

ಅಪ್ಪ ಸುಮ್ಮನಾದ. ಮೀನು ಬೇಗ ಬಲಿಯಲೆಂದು ಹಿಂದಿನ ವಾರ ಎರಡು ಟ್ರ್ಯಾಕ್ಟರ್ ಸಗಣಿ ಗೊಬ್ಬರ ಸುರಿಸಿದ್ದ. ಹದವಾಗಿ ಹಾಕಿದರೆ ಗೊಬ್ಬರದಿಂದ ಮೀನಿನ ಆಹಾರ ಬೆಳೆಯುತ್ತದೆ, ನಿಜ. ಮಿತಿ ಮೀರಿದರೆ ಅದು ಕೊಳೆಯುವಾಗ ಇರುವ ಆಮ್ಲಜನಕವನ್ನೆಲ್ಲ ಹೀರಿಬಿಡುತ್ತದೆ. ಊರ ಚರಂಡಿಯ ನೀರೂ ಬಂದು ಸೇರುವುದು ಅದೇ ಕೆರೆಗೆ. ಅದರಲ್ಲಿ ಎಲ್ಲ ಮನೆಗಳ ಪಾಲೂ ಇತ್ತು.

"ಈಗ ಮಾತು ಬೇಡ. ಉಳಿದದ್ದನ್ನಾದರೂ ಉಳಿಸಿಕೊಳ್ಳಬೇಕು. ಪಂಪು ಇಟ್ಟು ಕೆರೆಯ ನೀರನ್ನೇ ಎತ್ತಿ ಮೇಲಿಂದ ಚಿಮ್ಮಿಸಿದರೆ ಗಾಳಿ ಬೆರೆಯುತ್ತದೆ" ಎಂದರು ಮೇಷ್ಟ್ರು. ಕೆರೆಯ ಪಕ್ಕದಲ್ಲಿ ಡೀಸೆಲ್ ಪಂಪು ಇದ್ದದ್ದು ದಾಯಾದಿಯ ಬಳಿ ಒಂದೇ. ಒಂದು ನಿಮಿಷ ಯಾರೂ ಮಾತಾಡಲಿಲ್ಲ. ಆಮೇಲೆ ಅವನು ಟವೆಲ್ ಕೊಡವಿ ಹೆಗಲಿಗೆ ಹಾಕಿಕೊಂಡು, "ಪೈಪು ಹಿಡಿಯೋಕೆ ಇಬ್ಬರು ಬನ್ರೋ" ಎಂದ. ಅಪ್ಪ ಚೀಲ ಕೆಳಗಿಟ್ಟ.

ಮರುದಿನ ಮೀನುಗಾರಿಕೆ ಇಲಾಖೆಯವರು ಬಂದು ನೀರು, ಮೀನು ನೋಡಿ, ಕೆಲವು ದಿನ ಗೊಬ್ಬರ ಹಾಕಬೇಡಿ, ಸತ್ತ ಮೀನು ತೆಗೆದು ಹೂಳಿ ಎಂದರು. ಅವರು ಹೇಳಿದ ಕಾರಣವೂ ಅದೇ. ಇಂಥದ್ದು ಹಳ್ಳಿಯ ಕೆರೆಗಷ್ಟೇ ಬಂದದ್ದಲ್ಲ. 2016ರ ಮಾರ್ಚಿನಲ್ಲಿ ಬೆಂಗಳೂರಿನ ಹಲಸೂರು ಕೆರೆಯಲ್ಲಿ ಸಾವಿರಾರು ಮೀನುಗಳು ಸತ್ತು ತೇಲಿದ್ದವು. ಕೊಳಚೆ ಸೇರಿದ ನೀರಿನಲ್ಲಿ ಆಮ್ಲಜನಕ ಕುಸಿದಿತ್ತು. ಸೂಜಿಯನ್ನು ಮುಳುಗಿಸಿದ ಸೋಪಿನಂಥದ್ದೇ ಪದಾರ್ಥ ಊರಿನಷ್ಟು ಪ್ರಮಾಣದಲ್ಲಿ ಸೇರಿದಾಗ ಏನಾಗುತ್ತದೆಂಬುದನ್ನು ಬೆಳ್ಳಂದೂರು ಕೆರೆಯಿಂದ ರಸ್ತೆಗೆ ಹಾರಿಬಂದ ನೊರೆ ತೋರಿಸಿತ್ತು.

ಆ ಮನೆಗೆ ಆದ ನಷ್ಟವೇನೂ ಕಡಿಮೆಯಾಗಲಿಲ್ಲ. ಅರ್ಧಕ್ಕಿಂತ ಹೆಚ್ಚು ಮೀನು ಹೋಗಿತ್ತು, ಸಂಘದ ಸಾಲ ಹಾಗೇ ಇತ್ತು. ಅಪ್ಪ ದಾಯಾದಿಯ ಬಳಿ ತಪ್ಪಾಯಿತೆಂದು ಬಾಯಿಬಿಟ್ಟು ಹೇಳಿದ್ದನ್ನು ಯಾರೂ ಕೇಳಲಿಲ್ಲ. ಆದರೆ ಉಳಿದ ಮೀನು ಹಿಡಿದ ದಿನ ಎರಡು ಒಳ್ಳೆಯ ರೋಹು ಆ ಮನೆಗೆ ಹೋದವು; ಅವು ವಾಪಸು ಬರಲಿಲ್ಲ. ಎರಡು ಮನೆಯ ಮಕ್ಕಳು ಊರೊಳಗೂ ಮಾತಾಡತೊಡಗಿದರು.

ಕೆರೆಯ ಪಾಠ ಮತ್ತೆ ಪ್ರತಿ ಶನಿವಾರಕ್ಕೆ ಬಂತು. ಈ ಸಲ ಯಾರೂ ಮುಖ್ಯೋಪಾಧ್ಯಾಯರ ಬಳಿ ಹೋಗಲಿಲ್ಲ. ಅರ್ಧವಾರ್ಷಿಕ ಪರೀಕ್ಷೆಯಲ್ಲಿ ಹುಡುಗಿ ಮೊದಲ ಸ್ಥಾನವನ್ನೇನೂ ಗಳಿಸಲಿಲ್ಲ. ಗಣಿತದಲ್ಲಿ ಎಂದಿನಂತೆ ಕಷ್ಟಪಟ್ಟೇ ಪಾಸಾದಳು.

ಮತ್ತೊಮ್ಮೆ ಮೋಡ ಕವಿದ ಒಂದು ಸಂಜೆ ಅಪ್ಪ ಗೊಬ್ಬರದ ಮಂಕರಿ ಹಿಡಿದು ಏರಿಯ ಮೇಲೆ ನಿಂತಿದ್ದ. ಆಕಾಶ ನೋಡಿದ, ಕೆರೆ ನೋಡಿದ, ಮಗಳ ಕಡೆ ತಿರುಗಿದ.

"ಏನಮ್ಮಾ, ಹಾಕಲೋ ಬೇಡವೋ?"

"ಬಿಸಿಲು ಬರಲಿ ಬಿಡಪ್ಪಾ" ಎಂದಳು. ಅಪ್ಪ ಮಂಕರಿಯನ್ನು ಮನೆಗೆ ಹೊತ್ತುಕೊಂಡು ಹೋದ.