ಶಂಶಾಬಾದಿನ ಮಳೆ, ಗಂಡಿಪೇಟೆಯ ಕಿಟಕಿ

ಬೆಂಗಳೂರಿನಿಂದ 44ನೇ ರಾಷ್ಟ್ರೀಯ ಹೆದ್ದಾರಿ ಹಿಡಿದು ಅನಂತಪುರ, ಕರ್ನೂಲು ದಾಟಿ ಬರುವವರಿಗೆ ಹೈದರಾಬಾದಿನ ಹೊಸ್ತಿಲು ಶಂಶಾಬಾದ್. 2008ರಲ್ಲಿ ಇಲ್ಲಿ ವಿಮಾನ ನಿಲ್ದಾಣ ಶುರುವಾದ ಮೇಲೆ ಊರಿನ ಆಕಾಶಕ್ಕೆ ಬಿಡುವೇ ಇಲ್ಲ. ಚಕ್ರಗಳನ್ನು ಕೆಳಗಿಳಿಸಿಕೊಂಡ ವಿಮಾನಗಳು ತಲೆಯ ಮೇಲೆಯೇ ಹಾದುಹೋಗುತ್ತವೆ. ಬಂದವರೆಲ್ಲ ನೇರ ಚಾರ್‌ಮಿನಾರಿನ ಕಡೆಗೋ ಹೈಟೆಕ್ ಸಿಟಿಯ ಕಡೆಗೋ ಧಾವಿಸುತ್ತಾರೆ. ನಾನು ಎಡಕ್ಕೆ ಹೊರಳಿ ಹೊರವರ್ತುಲ ರಸ್ತೆ ಹಿಡಿದೆ. ಸ್ವಲ್ಪ ಹೊತ್ತಿಗೆಲ್ಲ ರಸ್ತೆಯ ಪಕ್ಕದಲ್ಲೇ ಕಲ್ಲಿನ ಉದ್ದನೆಯ ಕಟ್ಟೆಯೊಂದು ಎದ್ದು ನಿಂತಿತು. ಹಿಮಾಯತ್ ಸಾಗರ. ಅಲ್ಲಿಂದ ಮುಂದೆ, ಬಂಡೆಗುಡ್ಡಗಳ ನಡುವೆ, ಅದರ ಅಣ್ಣ ಉಸ್ಮಾನ್ ಸಾಗರ. ಹೈದರಾಬಾದಿನವರ ಬಾಯಲ್ಲಿ ಅದು ಇವತ್ತಿಗೂ ಗಂಡಿಪೇಟೆಯೇ.

ನಾನು ಉಳಿದುಕೊಂಡದ್ದು ಆ ನೀರಿನ ಸೀಮೆಯ ಒಂದು ಐಷಾರಾಮಿ ಹೋಟೆಲಿನಲ್ಲಿ. ಕೋಣೆಯ ಬಾಗಿಲು ತೆರೆದರೆ ಎದುರು ಗೋಡೆ ಪೂರ್ತಿ ಗಾಜು. ಗಾಜಿನಾಚೆ ಹುಲ್ಲು, ಗುಂಡುಬಂಡೆ, ಆಮೇಲೆ ನೀರು, ನೀರು, ನೀರು. ದಖನ್ನಿನ ಒಣ ಪ್ರಸ್ಥಭೂಮಿಯ ನಟ್ಟನಡುವೆ, ಹತ್ತಿರದ ಕಡಲಿನಿಂದ ಇನ್ನೂರೈವತ್ತು ಕಿಲೋಮೀಟರಿಗೂ ಹೆಚ್ಚು ದೂರದಲ್ಲಿ, ದಿಗಂತದವರೆಗೆ ತೆರೆ ಹೊಡೆಯುವ ನೀರು! ಬೆಳಗಿನ ಜಾವ ಅದಕ್ಕೆ ಸೀಸದ ಬಣ್ಣ, ಹೊತ್ತೇರಿದರೆ ಹಸಿರು, ಸಂಜೆ ಶಂಶಾಬಾದಿಗೆ ಇಳಿಯುವ ವಿಮಾನದ ದೀಪ ಬಿದ್ದರೆ ಒಂದು ಬಿಳಿ ಗೆರೆ. ನೀರುಕಾಗೆಗಳು ರೆಕ್ಕೆ ಬಿಚ್ಚಿಕೊಂಡು ಬಂಡೆಯ ಮೇಲೆ ಕೂತಿರುತ್ತವೆ. ಮೆತ್ತನೆಯ ಹಾಸಿಗೆ, ಅಮೃತಶಿಲೆಯ ಸ್ನಾನದ ಮನೆ, ಬೆಳ್ಳಿ ಬಟ್ಟಲಿನಲ್ಲಿ ಬರುವ ಖುಬಾನಿ ಕಾ ಮೀಠಾ, ಬಿಸಿ ಕಲ್ಲಿನ ಮೇಲೆ ಸುಟ್ಟ ಪತ್ಥರ್ ಕಾ ಗೋಷ್ತ್ ಎಲ್ಲವೂ ಇದ್ದವು, ಎಲ್ಲವೂ ಚೆನ್ನಾಗಿದ್ದವು. ಆದರೂ ಆ ಕೋಣೆಗೆ ಕೊಟ್ಟ ಹಣದಲ್ಲಿ ಮುಕ್ಕಾಲು ಪಾಲು ಕಿಟಕಿಗೇ ಎಂದು ನನಗೆ ಗಟ್ಟಿಯಾಗಿ ಅನಿಸಿತು. ಸಂತೋಷದಿಂದಲೇ ಕೊಟ್ಟೆ.

ಬೆಳಗಿನ ತಿಂಡಿಯ ಹೊತ್ತಿಗೆ ಪಕ್ಕದ ಮೇಜಿನಲ್ಲಿ ಸೆನೆಗಾಲ್ ದೇಶದ ಒಂದು ಕುಟುಂಬ ಕೂತಿತ್ತು. ತಾಯಿಯ ಶಸ್ತ್ರಚಿಕಿತ್ಸೆಗೆಂದು ಹೈದರಾಬಾದಿಗೆ ಬಂದವರು. ಆಫ್ರಿಕಾದ ಎಷ್ಟೋ ದೇಶಗಳಿಂದ ರೋಗಿಗಳು ಈ ಊರಿನ ಆಸ್ಪತ್ರೆಗಳಿಗೆ ಬರುತ್ತಾರೆ. ಮಗ ರಾಜಧಾನಿ ಡಕಾರಿನವನು. ಅವನ ಊರು ಆಫ್ರಿಕಾ ಖಂಡದ ಪಡುವಣ ತುದಿ. ಅಲ್ಲಿನ ದೊಡ್ಡ ಹೋಟೆಲುಗಳೆಲ್ಲ ಅಟ್ಲಾಂಟಿಕ್ ಕಡಲಿಗೆ ಮುಖ ಮಾಡಿ ನಿಂತಿವೆಯಂತೆ, ಕಿಟಕಿಯ ಗಾಜಿಗೆ ಉಪ್ಪು ಕೂರುತ್ತದಂತೆ. ಆದರೆ ಆ ಊರು ಕುಡಿಯುವ ನೀರಿನಲ್ಲಿ ದೊಡ್ಡ ಪಾಲು ಇನ್ನೂರಕ್ಕೂ ಹೆಚ್ಚು ಕಿಲೋಮೀಟರ್ ದೂರದ ಗಿಯೆರ್ ಸರೋವರದಿಂದ ಕೊಳವೆಯಲ್ಲಿ ಬರಬೇಕು. ಅವನು ಗಾಜಿನಾಚೆ ಕೈ ತೋರಿಸಿ, ಇದು ಸಿಹಿನೀರೇ, ಕುಡಿಯಬಹುದೇ ಎಂದು ಕೇಳಿದ. ಈ ಊರು ನೂರು ವರ್ಷದಿಂದ ಕುಡಿಯುತ್ತಿದೆ ಎಂದೆ. ಸಮುದ್ರಮಟ್ಟದಿಂದ 1790 ಅಡಿ ಎತ್ತರದಲ್ಲಿ ತುಂಬಿ ನಿಲ್ಲುವ ನೀರು ಇದು, ಇಲ್ಲಿಂದ ಆಸಿಫ್ ನಗರದ ಶುದ್ಧೀಕರಣ ಕೇಂದ್ರಕ್ಕೆ ಪಂಪಿನ ಹಂಗಿಲ್ಲದೆ ಇಳಿಜಾರಿನಲ್ಲೇ ಹರಿದುಹೋಗುವಂತೆ ಕಟ್ಟಿದ್ದಾರೆ ಎಂದಾಗ ಅವನು ಚಮಚ ಕೆಳಗಿಟ್ಟು ಎದ್ದು ಗಾಜಿನ ಬಳಿ ಹೋಗಿ ನಿಂತ. ಎಲ್ಲಿಂದ ಬರುತ್ತದೆ ಇಷ್ಟು ನೀರು?

ಮಳೆಯಿಂದ. ಬರೀ ಮಳೆಯಿಂದ. ಆ ಮಳೆಯ ಕಥೆ ಶಂಶಾಬಾದಿನಲ್ಲೇ ಇದೆ.

1908ರ ಸೆಪ್ಟೆಂಬರ್ ಕೊನೆಯ ವಾರ. ಶಂಶಾಬಾದಿನ ಮಳೆಮಾಪಕದಲ್ಲಿ ಒಂದೇ ದಿನಕ್ಕೆ ಸುಮಾರು 12.8 ಅಂಗುಲ, ಎರಡು ದಿನಕ್ಕೆ ಹತ್ತಿರಹತ್ತಿರ 19 ಅಂಗುಲ ಮಳೆ ದಾಖಲಾಯಿತು. ವಿಕಾರಾಬಾದಿನ ಅನಂತಗಿರಿ ಗುಡ್ಡದಲ್ಲಿ ಹುಟ್ಟುವ ಮೂಸಿ, ಅದರ ಜೊತೆಗಾತಿ ಈಸಿ, ಎರಡೂ ಸೇರಿ ನಗರಕ್ಕೆ ಬರುವ ಮುಂಚೆ 860 ಚದರ ಮೈಲಿಗಳಷ್ಟು ನೆಲದ ನೀರನ್ನು ಹೊತ್ತು ತರುತ್ತವೆ. ಆ ನೆಲದಲ್ಲಿ ಆಗ 788 ಕೆರೆಗಳಿದ್ದವು. ಚದರ ಮೈಲಿಗೆ ಹೆಚ್ಚುಕಡಿಮೆ ಒಂದು ಕೆರೆ! ಕೆರೆಯ ಕೆಳಗೆ ಕೆರೆ, ಒಂದರ ಕೋಡಿ ಇನ್ನೊಂದಕ್ಕೆ. ನಮ್ಮ ಕೋಲಾರ, ತುಮಕೂರು ಸೀಮೆಯ ಕೆರೆಸಾಲು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಮಳೆ ಮಿತಿಯಲ್ಲಿದ್ದರೆ ಈ ಸರಪಳಿಯಷ್ಟು ಜಾಣ ವ್ಯವಸ್ಥೆ ಇನ್ನೊಂದಿಲ್ಲ. ಮಳೆ ಮಿತಿ ಮೀರಿತೋ, ಮೇಲಿನ ಕೆರೆಯ ಏರಿ ಒಡೆದು ಅದರ ನೀರೆಲ್ಲ ಕೆಳಗಿನದರ ಮೇಲೆ ಬೀಳುತ್ತದೆ, ಅದೂ ಒಡೆಯುತ್ತದೆ. ಆ ಎರಡು ದಿನಗಳಲ್ಲಿ 221 ಕೆರೆಗಳು ಒಡೆದವು. ಸೆಪ್ಟೆಂಬರ್ 28ರಂದು ಮೂಸಿಯಲ್ಲಿ ಬಂದ ನೆರೆಯ ಅಂದಾಜು ಸೆಕೆಂಡಿಗೆ ನಾಲ್ಕೂಕಾಲು ಲಕ್ಷ ಘನ ಅಡಿ. ಕನ್ನಂಬಾಡಿಯಿಂದ ಒಂದು ಲಕ್ಷ ಬಿಟ್ಟರೆ ಶ್ರೀರಂಗಪಟ್ಟಣದ ಹೊಳೆದಂಡೆಯಲ್ಲಿ ಡಂಗುರ ಸಾರುತ್ತಾರೆ. ಅದರ ನಾಲ್ಕು ಪಟ್ಟಿಗೂ ಮಿಗಿಲಾದ ನೀರು ಒಂದು ನಗರದ ಎದೆಯ ಮೇಲೆ ಹಾದುಹೋಯಿತು. ಸತ್ತವರ ಸಂಖ್ಯೆಯನ್ನು ಸಾಮಾನ್ಯವಾಗಿ ಹದಿನೈದು ಸಾವಿರ ಎಂದು ಹೇಳುತ್ತಾರೆ.

ಆಗ ಮೋಕ್ಷಗುಂಡಂ ವಿಶ್ವೇಶ್ವರಯ್ಯನವರು ಮುಂಬಯಿ ಸರ್ಕಾರದ ಕೆಲಸ ಬಿಟ್ಟು ಯುರೋಪ್ ಪ್ರವಾಸದಲ್ಲಿದ್ದರು. ನಿಜಾಮ್ ಸರ್ಕಾರದ ಕರೆ ಅವರಿಗೆ ತಲುಪಿದ್ದು ಅಲ್ಲೇ. ಪ್ರವಾಸ ಮುಗಿಸಿ 1909ರ ಏಪ್ರಿಲ್‌ನಲ್ಲಿ ಹೈದರಾಬಾದಿಗೆ ಬಂದರು, ಅಕ್ಟೋಬರ್ ಒಂದಕ್ಕೆ ವರದಿ ಕೊಟ್ಟರು. ಆರು ತಿಂಗಳೊಳಗೆ! ನೆರೆ ಎಷ್ಟು ಎತ್ತರಕ್ಕೆ ಏರಿತ್ತು, ಯಾವ ಕೆರೆ ಯಾವಾಗ ಒಡೆಯಿತು, ಎಲ್ಲಿ ಎಷ್ಟು ಅಂಗುಲ ಮಳೆ ಬಿದ್ದಿತ್ತು ಎಂಬುದನ್ನೆಲ್ಲ ಲೆಕ್ಕ ಹಾಕಿ, ಊರಿನಿಂದ ಕೆಲವೇ ಮೈಲಿ ಮೇಲಕ್ಕೆ ಮೂಸಿಗೊಂದು ಈಸಿಗೊಂದು ಜಲಾಶಯ ಕಟ್ಟಿ ಎಂದರು. ಉಸ್ಮಾನ್ ಸಾಗರ 1920ರಲ್ಲಿ ಮುಗಿಯಿತು, ಹಿಮಾಯತ್ ಸಾಗರ 1927ರಲ್ಲಿ. ಒಂದಕ್ಕೆ ಏಳನೇ ನಿಜಾಮ ಮೀರ್ ಉಸ್ಮಾನ್ ಅಲಿ ಖಾನರ ಹೆಸರು, ಇನ್ನೊಂದಕ್ಕೆ ಅವರ ಹಿರಿಯ ಮಗನದು.

ನನ್ನನ್ನು ಬೆರಗುಗೊಳಿಸಿದ್ದು ಆ ಯೋಜನೆಯೊಳಗಿನ ಒಂದು ಸಂಗತಿ. ಈ ಸಾಗರಗಳನ್ನು ಮೊದಲು ಕಲ್ಪಿಸಿದ್ದು ನೆರೆ ತಡೆಯಲಿಕ್ಕೆ. ಕುಡಿಯುವ ನೀರು ಅದರ ಜೊತೆಗೇ ದಕ್ಕಿದ ಭಾಗ್ಯ. ನೆರೆ ತಡೆಯುವ ಜಲಾಶಯದಲ್ಲಿ ಯಾವಾಗಲೂ ಒಂದಿಷ್ಟು ಜಾಗ ಖಾಲಿ ಇರಬೇಕು. ಎಂದೋ ಬರಬಹುದಾದ, ಬರದೇ ಹೋಗಬಹುದಾದ ಒಂದು ರಾತ್ರಿಯ ಮಳೆಗಾಗಿ ಕಾದಿಟ್ಟ ಖಾಲಿ ಜಾಗ. ಉಸ್ಮಾನ್ ಸಾಗರದ ಹೊಟ್ಟೆಯಲ್ಲಿ 3.9 ಟಿಎಂಸಿ ಹಿಡಿಯುತ್ತದೆ, ಹಿಮಾಯತ್ ಸಾಗರದಲ್ಲಿ ಸುಮಾರು 3. ಕಿಟಕಿಯ ಬಳಿ ನಿಂತು ನೀರಿನಂಚಿನಿಂದ ದಡದ ಹುಲ್ಲಿನವರೆಗಿನ ಬರಿದಾದ ಕಲ್ಲುನೆಲವನ್ನು ನೋಡಿದೆ. ಹಿಂದಿನ ಸಂಜೆ ಅದು ನನಗೆ ನೋಟದ ಕೊರತೆಯಂತೆ ಕಂಡಿತ್ತು. ಈಗ ಅದೇ ನೋಟದ ಸಾರವಾಗಿ ಕಂಡಿತು. ಲಕ್ಷಾಂತರ ಜನ ನಿಶ್ಚಿಂತೆಯಿಂದ ಮಲಗಲೆಂದು ಲೆಕ್ಕ ಹಾಕಿ ಬಿಟ್ಟ ಜಾಗ ಅದು. ಅಂಥ ಜಾಗವನ್ನು ಯೋಚಿಸಿದ ತಲೆ ಮುದ್ದೇನಹಳ್ಳಿಯದು ಎಂದು ನೆನೆದು ಎದೆ ತುಂಬಿ ಬಂತು. ಹೆಮ್ಮೆ ಎಂದರೆ ಹೆಮ್ಮೆಯೇ, ಮುಚ್ಚಿಡುವುದೇಕೆ?

ರಾತ್ರಿ ಊಟ ಬಡಿಸಿದ ಅಡುಗೆಯವರು ನಾನು ಫೋನಿನಲ್ಲಿ ಕನ್ನಡ ಆಡಿದ್ದು ಕೇಳಿ ಹತ್ತಿರ ಬಂದರು.

“ಯಾವೂರ್ರೀ ಸರ್ ನಿಮ್ದು?”

ಬೆಂಗಳೂರೆಂದೆ. ಅವರದು ಬಸವಕಲ್ಯಾಣದ ಕಡೆ.

“ನಮಗ ಇದು ಪರ ಊರಲ್ರೀ. ನಮ್ಮ ಮುತ್ಯಾನ ಕಾಲಕ್ಕ ಕಚೇರಿ ಕೆಲಸಾ ಅಂದ್ರೂ ಹೈದರಾಬಾದ, ದವಾಖಾನಿ ಅಂದ್ರೂ ಹೈದರಾಬಾದ. ಗಂಡಿಪೇಟ ನೀರ ಕುಡದಾಂವ ಊರ ಬಿಟ್ಟ ಹೋಗೂದಿಲ್ಲ ಅಂತಾರ ನೋಡ್ರಿ ಇಲ್ಲಿ. ನಾ ಹೋಗಿಲ್ಲ.”

ನಿಜ. 1956ರ ನವೆಂಬರ್ ಒಂದರವರೆಗೆ ಬೀದರ, ಕಲಬುರಗಿ, ರಾಯಚೂರು ಜಿಲ್ಲೆಗಳಿಗೆ ಇದೇ ರಾಜಧಾನಿ. ಹಳೆ ಮೈಸೂರಿನ ಕಡೆಯ ನಾವು ಇದನ್ನು ಎಷ್ಟು ಸುಲಭವಾಗಿ ಮರೆಯುತ್ತೇವೆ! ಈ ಊರಿನ ನೆರೆಯೂ ನೀರೂ ಅರ್ಧ ಕರ್ನಾಟಕದ ಮನೆಮಾತು. ಉಸ್ಮಾನಿಯಾ ದವಾಖಾನೆಯ ಹುಣಸೆಮರ ನೋಡದೆ ಹೋಗಬೇಡಿ ಎಂದು ಅವರೇ ಹೇಳಿದರು.

ಮರುದಿನ ಹೊರಡುವ ಮುಂಚೆ ಕಟ್ಟೆಯ ಹತ್ತಿರ ಹೋದೆ. ಸುಣ್ಣಗಾರೆಯ ಕಾಲದ ಕಲ್ಲುಗಳು ಒಂದಕ್ಕೊಂದು ಬೆಸೆದುಕೊಂಡು ಕೂತಿವೆ. ಹಿಮಾಯತ್ ಸಾಗರಕ್ಕೆ 17 ಗೇಟುಗಳು. 2020ರ ಅಕ್ಟೋಬರ್‌ನಲ್ಲಿ ಹೈದರಾಬಾದ್ ಮತ್ತೊಮ್ಮೆ ಮಳೆಗೆ ಸಿಕ್ಕಿ ಒದ್ದಾಡಿದಾಗ ಇವುಗಳನ್ನು ಎತ್ತಿ ನೀರು ಬಿಟ್ಟಿದ್ದರು. ಊರು ಈಗ ಕುಡಿಯುವ ನೀರಿಗೆ ಹೆಚ್ಚಾಗಿ ಕೃಷ್ಣೆ, ಗೋದಾವರಿಗಳನ್ನು ನೆಚ್ಚಿಕೊಂಡಿದೆ. ಇನ್ನು ಈ ಹಳೆಯ ಸಾಗರಗಳೇಕೆ ಎಂದು ಕೇಳುವವರೂ ಇದ್ದಾರೆ. ಇವುಗಳ ಜಲಾನಯನದ 84 ಹಳ್ಳಿಗಳಲ್ಲಿ ದೊಡ್ಡ ಕಟ್ಟಡ, ಕಾರ್ಖಾನೆಗಳು ಬರದಂತೆ 1996ರಲ್ಲಿ 111ನೇ ಸರ್ಕಾರಿ ಆದೇಶ ಬಂದಿತ್ತು. 2022ರಲ್ಲಿ ಸರ್ಕಾರ ಆ ನಿರ್ಬಂಧಗಳನ್ನು ತೆಗೆಯುವ ಆದೇಶ ಹೊರಡಿಸಿತು. ನನಗೆ ಇದು ಭಯ ಹುಟ್ಟಿಸುತ್ತದೆ. ನೀರಿನ ಚೆಲುವು ನೋಡಲೆಂದೇ ಕಟ್ಟಡಗಳು ನೀರಿನ ಹತ್ತಿರ ಹತ್ತಿರ ಬರುತ್ತವೆ. ಕೆರೆಗೆ ಬರುವ ಹಳ್ಳ ಮುಚ್ಚಿದ ಮೇಲೆ ಎದುರಿಗೆ ಎಂಥ ಗಾಜಿನ ಗೋಡೆ ಇದ್ದರೂ ನೋಡಲು ಏನಿರುತ್ತದೆ? ಶಂಶಾಬಾದಿನ ಮೇಲೆ ಹತ್ತೊಂಬತ್ತು ಅಂಗುಲ ಸುರಿದ ಆಕಾಶ ಇನ್ನೂ ಅಲ್ಲೇ ಇದೆ. ಆಗ ಹೊಲಗದ್ದೆಯಾಗಿದ್ದ ನೆಲ ಮಾತ್ರ ಈಗ ರನ್‌ವೇ, ಕಾಂಕ್ರೀಟು, ಬಡಾವಣೆ. ನೀರು ಹೀರುವ ಮಣ್ಣು ಕಡಿಮೆಯಾದಷ್ಟೂ ಆ ಖಾಲಿ ಜಾಗದ ಬೆಲೆ ಏರುತ್ತದೆ.

ಈಸಿ, ಮೂಸಿ ಕೂಡುವ ಬಾಪು ಘಾಟ್ ದಾಟಿ ನದಿಯ ಜಾಡಿನಲ್ಲೇ ಊರೊಳಗೆ ಬಂದೆ. ಉಸ್ಮಾನಿಯಾ ಆಸ್ಪತ್ರೆಯ ಆವರಣದ ಹುಣಸೆಮರ ಮುದಿಯಾಗಿದೆ, ಬೊಡ್ಡೆ ಗಂಟುಗಂಟಾಗಿದೆ, ಆದರೆ ಚಿಗುರು ಎಳೆ ಹಸಿರು. ಆ ಸೆಪ್ಟೆಂಬರ್ 28ರಂದು ಇದರ ಕೊಂಬೆಗಳನ್ನು ಹಿಡಿದುಕೊಂಡು ಸುಮಾರು ನೂರೈವತ್ತು ಜನ ಬದುಕಿದರು. ತಲೆಯೆತ್ತಿ ಎಣಿಸಲು ನೋಡಿದೆ: ಒಂದೊಂದು ಕೊಂಬೆಗೆ ಎಷ್ಟು ಜನ? ಮಕ್ಕಳನ್ನು ಎಲ್ಲಿ ಕೂರಿಸಿದ್ದರು? ಕೆಳಗೆ ಎಂಥ ಸದ್ದು!

ಪಕ್ಕದಲ್ಲಿ ರಾಯಚೂರು ಕಡೆಯ ಒಬ್ಬ ತಾಯಿ ಬುತ್ತಿ ಬಿಚ್ಚಿಕೊಂಡು ಕೂತಿದ್ದರು. ಗಂಡನನ್ನು ಒಳಗೆ ಸೇರಿಸಿದ್ದರಂತೆ. ನಾನು ಇಷ್ಟು ಹೊತ್ತು ಮರ ನೋಡುವುದು ಕಂಡು, “ಏನೈತ್ರಿ ಅಣ್ಣಾ ಅದರಾಗ?” ಎಂದು ಕೇಳಿದರು. ಹೇಳಿದೆ. ನೆರೆಯ ಕಥೆ, ಮರ ಹಿಡಿದವರ ಕಥೆ, ಆಮೇಲೆ ಬಂದ ಎಂಜಿನಿಯರರ ಕಥೆ.

“ವಿಶ್ವೇಶ್ವರಯ್ಯನೋರು ಅಂದ್ರ, ಕನ್ನಂಬಾಡಿ ಕಟ್ಟಿದೋರೇನ್ರಿ?”

“ಅವರೇ ತಾಯಿ. ಈ ವರದಿ ಕೊಟ್ಟ ಮರು ತಿಂಗಳೇ ಮೈಸೂರಿಗೆ ಮುಖ್ಯ ಎಂಜಿನಿಯರಾಗಿ ಹೋದರು. ಕನ್ನಂಬಾಡಿ ಶುರುವಾದದ್ದು ಅದಾದ ಎರಡು ವರ್ಷಕ್ಕೆ.”

ಅವರು ರೊಟ್ಟಿ ಮುಚ್ಚಿಟ್ಟು, ಔಷಧದ ಚೀಟಿ ಹಿಡಿದು ಬರುತ್ತಿದ್ದ ಮಗನನ್ನು ದೂರದಿಂದಲೇ ಕೂಗಿದರು: “ಲೇ ತಮ್ಮಾ, ಬಾ ಇಲ್ಲಿ, ಈ ಗಿಡಾ ನೋಡು!”