ಕುಣಿಗಲ್ ದಾರಿಯಲ್ಲಿ ಮಹಾರಾಜರ ಪಿಯಾನೊ

ತುಮಕೂರನ್ನು ಬಿಟ್ಟು ಗುಬ್ಬಿಯ ರಸ್ತೆಗೆ ತಿರುಗಿದಾಗ ಬೆಳಗಿನ ಎಂಟು ಗಂಟೆ. ಇಕ್ಕೆಲದಲ್ಲೂ ತೆಂಗಿನ ತೋಟಗಳು. ಕಾರಿನಲ್ಲಿ ನನ್ನ ಪಕ್ಕದಲ್ಲಿದ್ದವರು ಸೋದರಮಾವ. ಎಂಬತ್ತು ದಾಟಿದವರು, ಯೌವನವನ್ನೆಲ್ಲ ನಾಟಕ ಕಂಪನಿಗಳ ಹಾರ್ಮೋನಿಯಂ ಮುಂದೆ ಕಳೆದವರು. ಗುಬ್ಬಿಯನ್ನು ಇನ್ನೊಮ್ಮೆ ನೋಡಬೇಕು, ಕುಣಿಗಲ್ ಕೆರೆಯ ಏರಿಯ ಮೇಲೆ ಸ್ವಲ್ಪ ಹೊತ್ತು ಕೂರಬೇಕು ಎಂಬುದು ಅವರ ಬಹುದಿನದ ಬಯಕೆ. ದಾರಿ ಸಾಗಲೆಂದು ನಾನೊಂದು ಪಿಯಾನೊ ಧ್ವನಿಮುದ್ರಣವನ್ನು ಹಾಕಿದೆ.

ಅದಕ್ಕೂ ನಮ್ಮ ನಾಡಿಗೂ ನಂಟುಂಟು. ರಷ್ಯದ ಸಂಗೀತಗಾರ ನಿಕೊಲಾಯ್ ಮೆಟ್ನರ್ (1880–1951) ಲಂಡನ್ನಿನಲ್ಲಿ ಮುಪ್ಪು, ಹೃದ್ರೋಗಗಳ ನಡುವೆ ಮರೆಯಾಗುತ್ತಿದ್ದಾಗ, ಆತನ ಕೃತಿಗಳನ್ನು ಆತನಿಂದಲೇ ನುಡಿಸಿ ಮುದ್ರಿಸಲು ಹಣವಿತ್ತವರು ಮೈಸೂರಿನ ಜಯಚಾಮರಾಜ ಒಡೆಯರು. ಅವರು ಸ್ವತಃ ಪಿಯಾನೊ ಬಲ್ಲವರು. 94 ಕೀರ್ತನೆಗಳನ್ನು ರಚಿಸಿದ ವಾಗ್ಗೇಯಕಾರರೂ ಹೌದು. 1947ರಲ್ಲಿ ಮೆಟ್ನರ್ ಫಿಲ್‌ಹಾರ್ಮೋನಿಯ ವಾದ್ಯವೃಂದದೊಡನೆ ನುಡಿಸಿದ ತನ್ನ ಮೂರನೆಯ ಪಿಯಾನೊ ಕನ್ಸರ್ಟೊ ಮಹಾರಾಜರಿಗೇ ಅರ್ಪಿತವಾದುದು. ನಾವು ಕೇಳುತ್ತಿದ್ದುದು ಅದನ್ನೇ.

ಅದರ ಶ್ರುತಿ ಇ ಮೈನರ್. ಹಾರ್ಮೋನಿಯಂ ಲೆಕ್ಕದಲ್ಲಿ ಬಿಳಿ ಮೂರನ್ನು ಷಡ್ಜ ಮಾಡಿಕೊಂಡು ನಟಭೈರವಿಯ ಸ್ವರಗಳನ್ನು ನುಡಿಸಿದರೆ ಅದರ ಹೊರಗೋಡೆ ಸಿಕ್ಕೀತು. ಒಳಹೊಕ್ಕರೆ ಮಾತ್ರ ವಿಷಯ ಬೇರೆ. “ಈ ಪುಣ್ಯಾತ್ಮ ಷಡ್ಜದಲ್ಲಿ ನಿಲ್ಲೋದೇ ಇಲ್ಲವಲ್ಲಯ್ಯ!” ಎಂದರು ಮಾವ. ನಿಜ. ನಮ್ಮಲ್ಲಿ ಷಡ್ಜವೆಂದರೆ ಮನೆಯ ಕಂಬ. ತಂಬೂರಿ ಅದನ್ನು ಕದಲಗೊಡದು. ಅವರಲ್ಲಿ ಷಡ್ಜವೇ ಊರೂರು ಅಲೆದು ಮನೆಗೆ ಮರಳುತ್ತದೆ. ಆ ಅಲೆದಾಟದಿಂದಲೇ ಭಾವ ಹುಟ್ಟುತ್ತದೆ. ಮೈನರ್ ಎಂದರೆ ದುಃಖವೆಂದು ಹೇಳುವವರುಂಟು. ನನಗೇನೋ ಇಲ್ಲಿ ದುಃಖಕ್ಕಿಂತ, ಹಳೆಯ ಕಥೆಯೊಂದನ್ನು ಹೇಳಹೊರಟವನ ಗಾಂಭೀರ್ಯವೇ ಕೇಳಿಸಿತು.

ಗುಬ್ಬಿಯಲ್ಲಿ ಚನ್ನಬಸವೇಶ್ವರನ ಗುಡಿಯ ಬಳಿ ಇಳಿದೆವು. 1884ರಲ್ಲಿ ಹುಟ್ಟಿದ ನಾಟಕ ಕಂಪನಿ ಈ ಸ್ವಾಮಿಯ ಹೆಸರನ್ನೇ ಹೊತ್ತಿತ್ತು. ವೀರಣ್ಣನವರು ಅದನ್ನು ನಾಡೆಲ್ಲ ಮೆರೆಸಿದರು. ಧ್ವನಿವರ್ಧಕವಿಲ್ಲದ ಕಾಲದಲ್ಲಿ ಕಂಪನಿಯ ನಟರು ಏರುಶ್ರುತಿಯಲ್ಲೇ ಹಾಡಬೇಕಿತ್ತು. “ಭಾವಕ್ಕಲ್ಲ ಕಣಯ್ಯ, ಕೊನೇ ಸಾಲಿನವನಿಗೆ ಕೇಳಬೇಕಲ್ಲ!” ಎಂದು ಮಾವ ನಕ್ಕರು. ಕಾಲಪ್ರಮಾಣವೂ ಹಾಗೆಯೇ. ಜನ ‘ಒನ್ಸ್ ಮೋರ್’ ಎಂದರೆ ಹಾಡು ಬೆಳೆಯುತ್ತಿತ್ತು. ಒಳಗೆ ಇನ್ನೊಬ್ಬರ ವೇಷ ಮುಗಿಯದಿದ್ದರೆ ಅದೇ ಹಾಡು ವಿಳಂಬಕ್ಕಿಳಿಯುತ್ತಿತ್ತು. ಇಂಥ ರಂಗಗೀತೆಗಳೂ ಗ್ರಾಮಫೋನಿಗೆ ಹೋದವು. ಆದರೆ ಹತ್ತಂಗುಲದ ತಟ್ಟೆಯ ಒಂದು ಮಗ್ಗುಲಿಗೆ ದೊರೆಯುತ್ತಿದ್ದುದು ಮೂರೇ ನಿಮಿಷ. ಮೆಟ್ನರನ ಅರ್ಧ ಗಂಟೆಗೂ ಮೀರಿದ ಕೃತಿಗೆ, ಕತ್ತರಿಸಿ ಕತ್ತರಿಸಿಯಾದರೂ, ಬೇಕಾದಷ್ಟು ತಟ್ಟೆಗಳು ದೊರೆತವು. ಆತ ಯಾವ ಸ್ವರದ ಮೇಲೆ ಎಷ್ಟು ಹೊತ್ತು ತಡೆದು ನಿಲ್ಲುತ್ತಿದ್ದನೆಂಬುದು ಇಂದಿಗೂ ನಮಗೆ ಗೊತ್ತು. ಮಾವನ ಕೈಯ ಕಾಲಪ್ರಮಾಣ ಯಾವ ತಟ್ಟೆಯಲ್ಲೂ ಇಲ್ಲ. ಅವರ ಬೆರಳುಗಳು ಈಗ ನಡುಗುತ್ತವೆ.

ತುಮಕೂರಿಗೆ ಹಿಂದಿರುಗಿ, ಊಟ ಮುಗಿಸಿ, ಹೆಬ್ಬೂರಿನ ಮೇಲೆ ಕುಣಿಗಲ್ಲಿಗೆ ಹೊರಟೆವು. ಟಿಪ್ಪುವಿನ ಕಾಲದಿಂದ ಕುದುರೆಗಳಿಗೆ ಹೆಸರಾದ ಊರು. ಲಯಕ್ಕೂ ಕುದುರೆಗೂ ನಮ್ಮ ಭಾಷೆಯಲ್ಲಿ ಒಂದೇ ಮಾತು: ‘ನಡೆ’. ಕನ್ಸರ್ಟೊವಿನ ಮೊದಲ ಭಾಗಕ್ಕೆ ಮೆಟ್ನರ್ ಕೊಟ್ಟ ಸೂಚನೆಯ ತಾತ್ಪರ್ಯ, ಚಲನೆ ಇರಲಿ, ಆದರೆ ವಿಶಾಲವಾಗಿರಲಿ ಎಂದು. ಜಾತಿಕುದುರೆ ಅವಸರವಿಲ್ಲದೆ ಹೆಜ್ಜೆ ಹಾಕುವಂತೆ. ಕುಕ್ಕುಲೋಟವೂ ಅಲ್ಲ, ನಾಗಾಲೋಟವೂ ಅಲ್ಲ.

ಕೆರೆಯ ಏರಿಯ ಮೇಲೆ ಕುಳಿತು ಉಳಿದ ಭಾಗವನ್ನು ಕೇಳಿದೆವು. ಈ ಕೃತಿಗೆ ಪ್ರೇರಣೆ ಲೆರ್ಮೊಂಟೊವ್ ಕವಿಯ ಜಲಕನ್ಯೆಯ ಕವನ. ನದಿಯ ಆಳದಲ್ಲಿ ವೀರನೊಬ್ಬ ಮಲಗಿದ್ದಾನೆ, ಏಳನು. ಕಡೆಯ ಭಾಗಕ್ಕೆ ಮೆಟ್ನರ್ ಬರೆದ ಸೂಚನೆ ಮಾತ್ರ ‘ಎಚ್ಚರಿಸುತ್ತ, ವೀರೋಚಿತವಾಗಿ’ ಎಂದು. ಎದುರಿನ ನೀರನ್ನು ನೋಡುತ್ತಿದ್ದ ಮಾವ ಕಲ್ಲಿನ ಮೇಲೆ ಬೆರಳಿನಿಂದ ತಾಳ ಹಾಕತೊಡಗಿದರು. ಅದು ಪಿಯಾನೊವಿನ ತಾಳವಲ್ಲ. ಇದೇ ಕೆರೆಯನ್ನು ಹೊಗಳುವ ನಮ್ಮ ಜನಪದ ಗೀತೆಯದು. “ಈಗಿನವರು ಇದನ್ನು ರೇಸಿಗೆ ಬಿಟ್ಟ ಹಾಗೆ ಹಾಡ್ತಾರೆ. ಹೀಗಲ್ಲ ಅದು.”

ನಾನು ಪಿಯಾನೊವನ್ನು ನಿಲ್ಲಿಸಿ, ಅದೇ ಮೊಬೈಲಿನಲ್ಲಿ ಧ್ವನಿಮುದ್ರಣದ ಗುಂಡಿಯನ್ನೊತ್ತಿ ಕಲ್ಲಿನ ಮೇಲಿಟ್ಟೆ. ಮಾವ ಗಂಟಲು ಸರಿಮಾಡಿಕೊಂಡರು.

“ಶ್ರುತಿ ಯಾವುದಯ್ಯ?”

“ನಿಮಗೆ ಬಂದದ್ದು, ಮಾವ.”