ನಾಲ್ಕು ಊರುಗಳಲ್ಲಿ ಒಂದು ಕರೆಯೋಲೆ

ರಾಮನಗರದ ರೇಷ್ಮೆಗೂಡಿನ ಮಾರುಕಟ್ಟೆಗೆ ಬೆಳಗಿನ ಹೊತ್ತು ಕಾಲಿಟ್ಟವರ ಬಟ್ಟೆಗೆ ಹತ್ತಿದ ಗೂಡಿನ ವಾಸನೆ ಸಂಜೆಯವರೆಗೂ ಬಿಡುವುದಿಲ್ಲ. ಏಷ್ಯಾ ಖಂಡದಲ್ಲಿಯೇ ದೊಡ್ಡದೆಂದು ಹೆಸರಾದ ಈ ಮಾರುಕಟ್ಟೆಯನ್ನು ನೋಡುವ ಆಸೆ ನಮಗೆ ಬಹುದಿನಗಳಿಂದ ಇತ್ತು. ಆದರೆ ಈ ಬಾರಿ ನಾವು ಹೊತ್ತು ತಂದ ಪ್ರಶ್ನೆಯೇ ಬೇರೆ. ಹೊರದೇಶದಲ್ಲಿ ನೆಲೆಸಿದ ಮಗನೋ ಮಗಳೋ ಬರೆದು ಕಳುಹಿಸುವ ಆಹ್ವಾನಪತ್ರದಿಂದ ಹೆತ್ತವರಿಗೆ ಪ್ರವಾಸಿ ವೀಸಾ ದೊರೆಯುವುದು ಸುಲಭವಾಗುತ್ತದೆಯೆ? ಬೆಂಗಳೂರಿನ ಮಗ್ಗುಲಲ್ಲಿರುವ ಈ ಸೀಮೆಯ ಮಕ್ಕಳು ಇಂಜಿನಿಯರಿಂಗ್ ಓದಿ ಕಡಲು ದಾಟಿದ್ದಾರೆ. ಅವರ ತಂದೆತಾಯಿಗಳು ಹಿಪ್ಪುನೇರಳೆ ತೋಟದಲ್ಲಿಯೇ ಉಳಿದಿದ್ದಾರೆ.

ನಮ್ಮನ್ನು ಬರಮಾಡಿಕೊಂಡ ಯಜಮಾನರು ಮಗನ ಪತ್ರವನ್ನು ಪ್ಲಾಸ್ಟಿಕ್ ಹೊದಿಕೆಯಲ್ಲಿಟ್ಟು, ಮದುವೆಯ ಲಗ್ನಪತ್ರಿಕೆಯಷ್ಟೇ ಜೋಪಾನವಾಗಿ ತಂದು ತೋರಿಸಿದರು. ಮಗ ಅಮೆರಿಕದಲ್ಲಿದ್ದಾನೆ. ಅವರಿಗೆ ನಿರಾಸೆಯಾಗುವ ಮಾತನ್ನೇ ನಾವು ಹೇಳಬೇಕಾಯಿತು. ಪ್ರವಾಸಿ ವೀಸಾಕ್ಕೆ ಆಹ್ವಾನಪತ್ರ ಬೇಕಿಲ್ಲ, ತಂದರೂ ವೀಸಾ ಕೊಡುವ ಬಿಡುವ ನಿರ್ಧಾರಕ್ಕೆ ಅದು ಆಧಾರವಲ್ಲ ಎಂದು ಆ ದೇಶದ ವಿದೇಶಾಂಗ ಇಲಾಖೆ ಸ್ಪಷ್ಟವಾಗಿಯೇ ತಿಳಿಸಿದೆ. ಅಲ್ಲಿಯ 1952ರ ವಲಸೆ ಕಾಯಿದೆಯ 214ನೆಯ ವಿಧಿಯ ‘ಬಿ’ ಉಪವಿಧಿಯ ಪ್ರಕಾರ, ಅರ್ಜಿ ಹಾಕಿದವರೆಲ್ಲ ಅಲ್ಲಿಯೇ ನೆಲೆಸಲು ಬಂದವರೆಂದು ಅಧಿಕಾರಿ ಮೊದಲೇ ಭಾವಿಸುತ್ತಾನೆ. ‘ಇಲ್ಲ, ನಾನು ಹಿಂದಿರುಗುವವನು’ ಎಂದು ತೋರಿಸಿಕೊಡುವ ಹೊಣೆ ಅರ್ಜಿದಾರನದು. ಕಿಟಕಿಯ ಮುಂದೆ ಸಿಗುವ ಕಾಲ ಎರಡು ಮೂರು ನಿಮಿಷ. ಎಷ್ಟೋ ಸಲ ಕಾಗದದ ಕಟ್ಟನ್ನು ಬಿಚ್ಚಲೂ ಹೇಳುವುದಿಲ್ಲ. ನಿರಾಕರಿಸಿದರೆ ಮೇಲ್ಮನವಿ ಇಲ್ಲ. ಮತ್ತೆ ಅರ್ಜಿ ಹಾಕಬಹುದು, ಶುಲ್ಕವನ್ನೂ ಮತ್ತೆ ಕಟ್ಟಬೇಕು. 2023ರ ಜೂನ್‌ನಲ್ಲಿ ಆ ಶುಲ್ಕ 185 ಡಾಲರ್‌ಗೆ ಏರಿತು. ಸಂದರ್ಶನಕ್ಕೆಂದು ನಮ್ಮ ಜನ ಚೆನ್ನೈಗೆ ಹೋಗುತ್ತ ಬಂದಿದ್ದಾರೆ. 2025ರ ಜನವರಿಯಲ್ಲಿ ಬೆಂಗಳೂರಿನಲ್ಲಿ ಅಮೆರಿಕದ ಕಾನ್ಸುಲೇಟ್ ಉದ್ಘಾಟನೆಯಾಯಿತಾದರೂ ವೀಸಾ ಸೇವೆ ಅದರೊಡನೆಯೇ ಆರಂಭವಾಗಲಿಲ್ಲ.

ಹಾಗಾದರೆ ಹಿಂದಿರುಗುವವರೆಂದು ತೋರಿಸುವುದು ಯಾವುದು? ಇಲ್ಲಿ ರೈತ ಕುಟುಂಬಗಳಿಗೆ ಒಂದು ವಿಚಿತ್ರ ತೊಡಕುಂಟು. ಕೃಷಿ ಆದಾಯಕ್ಕೆ ತೆರಿಗೆ ಇಲ್ಲವಾದ್ದರಿಂದ ಅನೇಕರು ಆದಾಯ ತೆರಿಗೆಯ ಲೆಕ್ಕವನ್ನೇ ಸಲ್ಲಿಸಿರುವುದಿಲ್ಲ. ವರ್ಷಕ್ಕೆ ನಾಲ್ಕಾರು ಬೆಳೆ ಗೂಡು ಮಾರುವ ಮನುಷ್ಯ ಕಾಗದದ ಮೇಲೆ ಬಡವನಾಗಿ ಕಾಣುತ್ತಾನೆ! ಮಾರುಕಟ್ಟೆಯ ಹಣ ಬ್ಯಾಂಕ್ ಖಾತೆಗೇ ಜಮೆಯಾಗತೊಡಗಿದ ಮೇಲೆ ಈ ತೊಡಕು ಸ್ವಲ್ಪ ಸಡಿಲಿದೆ. ಆ ಖಾತೆಯ ವಿವರ, ಜಮೀನಿನ ಪಹಣಿ, ಇಲ್ಲಿಯೇ ಇರುವ ಇನ್ನೊಬ್ಬ ಮಗನ ಸಂಸಾರ, ಇವು ಮಗನ ಪತ್ರಕ್ಕಿಂತ ಹೆಚ್ಚು ಮಾತಾಡುತ್ತವೆ ಎಂಬುದು ನಮ್ಮ ಅಭಿಪ್ರಾಯ.

ಮೈಸೂರು ರಸ್ತೆಯಲ್ಲಿ ಮುಂದುವರಿದರೆ ಚನ್ನಪಟ್ಟಣ. ಆಲೆ ಮರವನ್ನು ಕಡೆದು ಅರಗಿನ ಬಣ್ಣ ಹಚ್ಚಿದ ಗೊಂಬೆಗಳಿಂದ ಊರು ಹೆಸರಾದದ್ದು, ಅವುಗಳಿಗೆ ಭೌಗೋಳಿಕ ಸೂಚಿಯ ಮಾನ್ಯತೆ ದೊರೆತದ್ದು ಓದುಗರಿಗೆ ತಿಳಿದೇ ಇದೆ. ಒಂದು ಮನೆಯಲ್ಲಿ ಅಂಥ ಗೊಂಬೆಗಳ ಪೆಟ್ಟಿಗೆಯೊಂದು ಅಟ್ಟದ ಮೇಲೆ ಕುಳಿತಿತ್ತು. ಹುಟ್ಟಲಿದ್ದ ಮೊಮ್ಮಗುವಿಗೆಂದು ಕೊಂಡದ್ದು. ಮಗಳ ಬಾಣಂತನಕ್ಕೆ ಪಶ್ಚಿಮದ ದೇಶವೊಂದಕ್ಕೆ ಹೊರಟಿದ್ದ ಆ ತಾಯಿಗೆ ವೀಸಾ ದೊರೆಯಲಿಲ್ಲ. ಮಗು ಈಗ ಅಂಬೆಗಾಲಿಡುತ್ತಿದೆ, ಅಜ್ಜಿ ಅದನ್ನು ಫೋನಿನ ಪರದೆಯಲ್ಲಿ ಮಾತ್ರ ಕಂಡಿದ್ದಾರೆ. ನಾವು ಕಾಗದಗಳನ್ನು ತಿರುವಿ ನೋಡಿದೆವು. ಮಗಳ ಪತ್ರದಲ್ಲಿ ‘ಆರು ತಿಂಗಳು’ ಎಂದಿತ್ತು. ಏಜೆಂಟನೊಬ್ಬ ತುಂಬಿದ್ದ ಅರ್ಜಿಯಲ್ಲಿ ‘ಒಂದು ತಿಂಗಳು’ ಎಂದಿತ್ತು. ಎಷ್ಟು ದಿನ ಇರುವಿರಿ ಎಂದು ಕೇಳಿದಾಗ ಆ ತಾಯಿ, “ಮಗು ನಡೆಯೋವರೆಗೂ ಇರ್ತೀನಿ ಸ್ವಾಮಿ” ಎಂದಿದ್ದರಂತೆ. ತಾಯಿಯ ಮಾತಿನಲ್ಲಿ ತಪ್ಪೇನೂ ಇಲ್ಲ. ಆದರೆ ಒಂದೇ ಪ್ರಶ್ನೆಗೆ ಮೂರು ಉತ್ತರಗಳಾದವು. ಅರ್ಜಿಯಲ್ಲಿ ಏನು ಬರೆದಿದೆಯೆಂದು ಯಾರೂ ಅವರಿಗೆ ಓದಿ ಹೇಳಿರಲಿಲ್ಲ. ಪತ್ರ ಇಲ್ಲದಿದ್ದರೂ ನಡೆಯುತ್ತಿತ್ತೇನೋ, ಅರ್ಜಿಗೆ ಹೊಂದದ ಪತ್ರ ಮಾತ್ರ ಕೇಡು.

ಸಾತನೂರು ಮಾರ್ಗವಾಗಿ ಕನಕಪುರಕ್ಕೆ ಬರುವಾಗ ಇಕ್ಕೆಲಗಳಲ್ಲಿ ರಾಗಿಯ ಹೊಲ, ತೆಂಗು, ನಡುನಡುವೆ ಬಂಡೆಗಳು. ದೇಗುಲಮಠದ ದರ್ಶನ ಮುಗಿಸಿ ಹೊರಬಂದಾಗ ಭೇಟಿಯಾದ ನಿವೃತ್ತ ಉಪಾಧ್ಯಾಯರು, “ಹಾಗಾದರೆ ಪತ್ರ ಎಲ್ಲಿಯೂ ನಡೆಯುವುದಿಲ್ಲವೇ?” ಎಂದು ಸವಾಲು ಹಾಕಿದರು. ನಡೆಯುತ್ತದೆ. ದೇಶ ಬೇರೆಯಾದರೆ ಪತ್ರದ ತೂಕವೂ ಬೇರೆ. ಅವರ ಮಗಳು ಕೆನಡಾದಲ್ಲಿದ್ದಾಳೆ. ಆ ದೇಶ 2011ರ ಡಿಸೆಂಬರ್‌ನಲ್ಲಿ ಆರಂಭಿಸಿದ ‘ಸೂಪರ್ ವೀಸಾ’ ತಂದೆತಾಯಿ, ಅಜ್ಜ ಅಜ್ಜಿಯರಿಗಾಗಿಯೇ ಇರುವುದು. ಇದಕ್ಕೆ ಮಕ್ಕಳ ಅಥವಾ ಮೊಮ್ಮಕ್ಕಳ ಆಹ್ವಾನಪತ್ರ ಕಡ್ಡಾಯ. ಖರ್ಚು ನೋಡಿಕೊಳ್ಳುವ ಲಿಖಿತ ಭರವಸೆ, ಆದಾಯದ ದಾಖಲೆ, ವೈದ್ಯಕೀಯ ವಿಮೆ ಜೊತೆಗಿರಬೇಕು. 2022ರ ಬದಲಾವಣೆಯ ನಂತರ ಒಮ್ಮೆ ಹೋದವರು ಐದು ವರ್ಷದವರೆಗೂ ಇರಬಹುದು. ಜರ್ಮನಿಯಲ್ಲಿ ಆತಿಥೇಯರು ಅಲ್ಲಿಯ ವಿದೇಶೀಯರ ಕಚೇರಿಗೆ ಹೋಗಿ, ಅತಿಥಿಯ ಖರ್ಚಿಗೆ ತಾವು ಕಾನೂನುಬದ್ಧ ಹೊಣೆಯೆಂದು ಸಹಿ ಹಾಕುವ ಪದ್ಧತಿ ಇದೆ. ಫ್ರಾನ್ಸಿನಲ್ಲಿ ಬಂಧುಗಳ ಮನೆಯಲ್ಲಿ ಇಳಿದುಕೊಳ್ಳುವವರಿಗೆ ಆ ಊರಿನ ಪುರಸಭೆಯ ಪ್ರಮಾಣಪತ್ರ ಬೇಕು. ಬ್ರಿಟನ್ನಿನಲ್ಲಿ ಪತ್ರ ಕಡ್ಡಾಯವಲ್ಲ. ಆದರೆ ಅಲ್ಲಿ ಸಾಮಾನ್ಯವಾಗಿ ಸಂದರ್ಶನವಿಲ್ಲದೆ ಕಾಗದ ನೋಡಿಯೇ ತೀರ್ಮಾನಿಸುವುದರಿಂದ, ಆತಿಥೇಯರ ಆದಾಯದ ಮತ್ತು ವಾಸದ ದಾಖಲೆಗಳೊಡನೆ ಬಂದ ಪತ್ರಕ್ಕೆ ಬೆಲೆಯುಂಟು. ಸುಳ್ಳು ದಾಖಲೆ ಕೊಟ್ಟು ಸಿಕ್ಕಿಬಿದ್ದರೆ ಹತ್ತು ವರ್ಷಗಳ ನಿಷೇಧ. ಹಣ ಪಡೆದು ‘ಗಟ್ಟಿ ಪತ್ರ’ ಮಾಡಿಕೊಡುತ್ತೇವೆನ್ನುವವರು ಈ ನಾಲ್ಕೂ ಊರುಗಳಿಗೆ ಬಂದುಹೋಗುತ್ತಾರೆಂದು ಕೇಳಿದೆವು. ಅಂಥವರನ್ನು ಮನೆಯ ಹೊಸ್ತಿಲೊಳಗೆ ಬಿಟ್ಟುಕೊಳ್ಳದಿರುವುದೇ ಲೇಸು.

ಊರಿನ ಹೆಸರಿನ ತೊಡಕನ್ನೂ ಉಪಾಧ್ಯಾಯರು ನೆನಪಿಸಿದರು. ಈ ತಾಲ್ಲೂಕುಗಳು 2007ರವರೆಗೆ ಬೆಂಗಳೂರು ಗ್ರಾಮಾಂತರ ಜಿಲ್ಲೆಗೆ ಸೇರಿದ್ದವು. ನಂತರ ರಾಮನಗರ ಜಿಲ್ಲೆಯಾಯಿತು, 2025ರಲ್ಲಿ ಬೆಂಗಳೂರು ದಕ್ಷಿಣ ಎಂಬ ಹೆಸರು ಬಂದಿತು. ಪಾಸ್‌ಪೋರ್ಟಿನಲ್ಲಿರುವ ಹೆಸರು, ವಿಳಾಸಗಳನ್ನೇ ಮಕ್ಕಳು ಪತ್ರದಲ್ಲಿ ಅಕ್ಷರಶಃ ಬರೆಯುವುದು ಒಳ್ಳೆಯದು.

ಮಾಗಡಿಗೆ ಬಂದಾಗ ಇಳಿಹೊತ್ತು. ಸಾವನದುರ್ಗದ ಹೆಬ್ಬಂಡೆ ಬಿಸಿಲಿಗೆ ಕೆಂಪೇರಿತ್ತು. ಸಿದ್ಧಗಂಗೆಯ ಶ್ರೀ ಶಿವಕುಮಾರ ಸ್ವಾಮಿಗಳು 1907ರಲ್ಲಿ ಜನಿಸಿದ ವೀರಾಪುರ ಇದೇ ತಾಲ್ಲೂಕಿನದು. ಅಲ್ಲಿಗೆ ಹೋಗಿ ನಮಸ್ಕರಿಸಿ ಬಂದೆವು. ಆ ರಾತ್ರಿ ನಾವು ತಂಗಿದ್ದ ಮನೆಯ ಅಜ್ಜನವರೂ ಅಮೆರಿಕದ ವೀಸಾಕ್ಕೆ ಅರ್ಜಿ ಹಾಕಿದ್ದರು. ಮೊಮ್ಮಗನ ಪತ್ರ ನಾಲ್ಕು ಪುಟ. ತುಂಬ ಪ್ರೀತಿ, ಒಂದೂ ತಾರೀಖಿಲ್ಲ. ಮೊಮ್ಮಗನಿಗೆ ಫೋನು ಮಾಡಿಸಿ ಅದನ್ನು ಒಂದು ಪುಟಕ್ಕೆ ಇಳಿಸಿದೆವು: ಅವನ ಹೆಸರು, ವಿಳಾಸ, ಉದ್ಯೋಗ, ಅಜ್ಜನವರಿಗೂ ತನಗೂ ಇರುವ ಸಂಬಂಧ, ಬರುವ ದಿನ, ಹೋಗುವ ದಿನ, ಇಳಿದುಕೊಳ್ಳುವ ಮನೆ, ಖರ್ಚು ಯಾರದೆಂಬುದು. ಕಿಟಕಿಯಲ್ಲಿ ಅದನ್ನು ಕೇಳದಿರಬಹುದು, ಆದರೂ ಅಜ್ಜನವರ ಬಾಯಲ್ಲಿ ಆ ವಿವರಗಳು ನಿಂತರೆ ಸಾಕು. ಅರ್ಜಿಯನ್ನು ಎರಡು ಬಾರಿ ಓದಿ ಹೇಳಿದೆವು.

ಎಲ್ಲ ಕೇಳಿದ ಮೇಲೆ ಅಜ್ಜನವರಿಗೆ ಉಳಿದದ್ದು ಒಂದೇ ಚಿಂತೆ. “ಬಿತ್ತನೆ ಮುಗಿಸಿ ಹೋಗ್ತೀನಿ ಸರಿ. ರಾಗಿ ಕೊಯ್ಲಿಗೆ ನಾನು ಇಲ್ಲಿರಲೇಬೇಕಲ್ಲಪ್ಪಾ, ಅವರು ಅಷ್ಟರೊಳಗೆ ಬಿಡ್ತಾರೋ ಇಲ್ಲವೋ?”

ಇಂಗ್ಲಿಷು ಬಾರದಿದ್ದರೆ ಚಿಂತೆಯಿಲ್ಲ, ಕಿಟಕಿಯಲ್ಲಿ ಇದೇ ಮಾತನ್ನು ಕನ್ನಡದಲ್ಲಿಯೇ ಹೇಳಿ ಎಂದೆವು.